‘ಆಮೇಲೆ’ ಮೇಡಂ ಮೋಡ ಹತ್ತಿದ್ದು

ಕೊಡೆ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕೆಳಗಿನ ಹೊಲಿಗೆ ವಿಭಾಗದಿಂದ ಮೇಲಿನ ಯಜಮಾನರ ಕೋಣೆಯವರೆಗೆ ಎಲ್ಲರ ಬಾಯಲ್ಲೂ ಆಕೆ ‘ಆಮೇಲೆ ಮೇಡಂ’.

ಈ ಬಿರುದನ್ನು ಆಕೆ ಹಾಲುಹಲ್ಲು ಬೀಳುವ ಮೊದಲೇ ಗೆದ್ದುಕೊಂಡಿದ್ದರು. ಮಧ್ಯಾಹ್ನ ಮೊಮ್ಮಗಳನ್ನು ಮಲಗಿಸಲು ಅಜ್ಜಿ ಕಥೆ ಹೇಳುತ್ತಿದ್ದರು. ರಾಕ್ಷಸ ಸತ್ತ, ರಾಜಕುಮಾರಿ ಸಿಕ್ಕಳು, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿ ಕಿಟಕಿಯ ಪರದೆ ಎಳೆಯಲು ಕೈ ಚಾಚಿದರೆ, ಹೊದಿಕೆಯೊಳಗಿಂದ ದನಿ ಬರುತ್ತಿತ್ತು.

“ಆಮೇಲೆ?”

“ಆಮೇಲೇನು ಬಂತು? ಸುಖವಾಗಿದ್ರು, ಅಷ್ಟೆ.”

“ರಾಕ್ಷಸನ ಹೆಣ ಯಾರು ತೆಗೆದ್ರು?”

“ನಾನೇ ತೆಗೀತೀನಿ ನನ್ನ ತಾಯಿ, ನೀನು ಮಲಗು!”

ಆದರೆ ಈ ‘ಆಮೇಲೆ’ ಎಂಬುದು ಬಹಳ ಕಿಲಾಡಿ ಪದ. ಕೊನೆಯಲ್ಲಿ ದನಿ ಕೊಂಚ ಏರಿದರೆ ಅದು ‘ಮುಂದೇನಾಗುತ್ತದೆ?’ ಎಂಬ ಪ್ರಶ್ನೆ. ಏರದಿದ್ದರೆ ‘ಈಗ ಬೇಡ’ ಎಂಬ ಸಬೂಬು. ಆಕೆಯ ದನಿಯೋ, ನೆಲಕ್ಕೆ ಹಾಸಿದ ಚಾಪೆಯಂತೆ ಸಪಾಟು. ಗಡಿಯಾರ ರಿಪೇರಿಯ ತರುಣನೊಬ್ಬ ಧೈರ್ಯ ಮಾಡಿ, “ನಾವಿಬ್ಬರೂ ಮದುವೆ ಆಗೋಣವಾ?” ಎಂದಾಗ ಆಕೆ ‘ಆಮೇಲೆ’ ಎಂದಿದ್ದರು. ಆಕೆ ಕೇಳಿದ್ದು, ಆದ ಮೇಲೆ ಎಲ್ಲಿರೋಣ, ಹೇಗಿರೋಣ ಎಂದು. ಆತನಿಗೆ ಕೇಳಿಸಿದ್ದು, ಈಗೇನು ಅವಸರ ಎಂದು. ಕಾಯುವುದು ಆತನ ಕಸುಬಿನಲ್ಲೇ ಇತ್ತು. ಮುಂದಿನ ಮಳೆಗಾಲದವರೆಗೂ ತುಟಿ ಬಿಚ್ಚದೆ ಕಾದ. ಕಡೆಗೆ ಆಕೆಯೇ ಅಂಗಡಿಗೆ ನುಗ್ಗಿ, “ಏನ್ರೀ, ಕೇಳಿದ ಪ್ರಶ್ನೆಗೆ ಉತ್ತರ ಕೊಡೋಕೆ ಇಷ್ಟು ಹೊತ್ತಾ?” ಎಂದು ದಬಾಯಿಸಿದ ಮೇಲೆ ಮದುವೆಯಾಯಿತು. ಇದರಿಂದ ಆಕೆ ಏನಾದರೂ ಕಲಿತರೇ? ಇಲ್ಲ. ದನಿ ಸಪಾಟಾಗಿಯೇ ಉಳಿಯಿತು.

ಹೀಗಿರುವಾಗ, ಮೋಡ ಕಂಡರೆ ಅಂಗೈ ಉಜ್ಜಿಕೊಂಡು ಬದುಕಿದ್ದ ಕಂಪನಿಗೆ ತಾನೇ ಮೋಡ ಹತ್ತುವ ಉಮೇದು ಬಂತು. ಇದು ಮಳೆ ಸುರಿಸುವ ಮೋಡವಲ್ಲ. ಕಂಪನಿಯ ಕಂಪ್ಯೂಟರುಗಳನ್ನು ಕಂಪನಿಯೇ ಸಾಕುವ ಬದಲು, ಎಲ್ಲೋ ದೂರದಲ್ಲಿ ಬೇರೊಬ್ಬರು ಸಾಕಿರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆದು ಇಲ್ಲಿಂದಲೇ ಬಳಸುವುದು. ಅದಕ್ಕೆ ಯಾರೋ ಪುಣ್ಯಾತ್ಮರು ಕ್ಲೌಡ್ ಎಂದು ಹೆಸರಿಟ್ಟಿದ್ದರು. ಈ ದಂಡಯಾತ್ರೆಯ ಸೇನಾಪತಿ ಯಜಮಾನರ ಹೊಸ ಅಳಿಯ. ಬುದ್ಧಿವಂತ, ಒಳ್ಳೆಯವನು, ಆದರೆ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಗೊತ್ತಿಲ್ಲದವನು.

ಸಭೆಯಲ್ಲಿ ಅಳಿಯ ಅಂಗಿಯ ತೋಳು ಮಡಚಿ ನಿಂತ. “ಮಾವ, ಇಡೀ ಕಂಪನಿ ಒಂದೇ ಏಟಿಗೆ ಮೋಡಕ್ಕೆ! ಶುಕ್ರವಾರ ಸಂಜೆ ನೀವು ಗುಂಡಿ ಒತ್ತಿ. ಸೋಮವಾರ ಬೆಳಗ್ಗೆ ಹಳೇ ಕಂಪ್ಯೂಟರ್ ಪೆಟ್ಟಿಗೆಗಳೆಲ್ಲ ಗುಜರಿಗೆ.”

“ಆಮೇಲೆ,” ಎಂದರು ಆಮೇಲೆ ಮೇಡಂ.

ಯಜಮಾನರು ಮೇಜು ಗುದ್ದಿದರು. “ಬರೀ ಆಮೇಲೆ, ಆಮೇಲೆ! ಮಳೆ ನಿಮ್ಮ ಆಮೇಲೆಗೆ ಕಾಯತ್ತೇನಮ್ಮಾ? ಮಳೆ ಶುರುವಾಗೋ ಹೊತ್ತಿಗೆ ಕೊಡೆ ಅಂಗಡೀಲಿ ಇರಬೇಕು. ತಪ್ಪಿದ್ರೆ ವರ್ಷಪೂರ್ತಿ ಅದನ್ನ ನಾವೇ ಹಿಡ್ಕೊಂಡು ಓಡಾಡ್ಬೇಕು! ಈ ಕೆಲಸ ಅಳಿಯಂದಿರೇ ಮಾಡ್ಲಿ. ನೀವು ನಾಳೆಯಿಂದ ಹಿಡಿಕೆ ವಿಭಾಗ ನೋಡ್ಕೊಳ್ಳಿ.”

ತಾನೇ ಒಂದೊಂದು ತಂತಿಯನ್ನೂ ಎಳೆಸಿ ಕಟ್ಟಿದ ವಿಭಾಗ ಹೀಗೆ ಒಂದು ಪದಕ್ಕೆ ಕೈತಪ್ಪಿತು. ಆಕೆ ಸಂಜೆ ಬುಸುಗುಡುತ್ತ ಗಡಿಯಾರದ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿದರು. ಗಂಡ ನಕ್ಕ ಅಬ್ಬರಕ್ಕೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಕಳಚಿ ಬಿತ್ತು.

“ಯಜಮಾನರಿಗೂ ನನ್ನ ಗತೀನೇ ಬಂತಲ್ಲೇ!”

“ನಗೋದಕ್ಕೆ ಏನ್ರೀ ಇದೆ ಇದರಲ್ಲಿ? ಒಂದೇ ಸಲ ಎಲ್ಲ ಎತ್ತಿ ಹಾಕ್ತೀನಿ ಅಂತಾನೆ. ಎಡವಿದ್ರೆ ವಾಪಸ್ ಬರೋಕೆ ದಾರಿ ಬೇಡ್ವಾ?”

“ಅದನ್ನ ಹಾಗೇ ಕೇಳು ಮಾರಾಯ್ತಿ. ನಿನ್ನ ಪ್ರಶ್ನೆಗೆ ಕೊಕ್ಕೆ ಇಲ್ಲ ಕಣೇ. ಅದು ಪ್ರಶ್ನೆ ಅಂತ ಯಾರಿಗೂ ಗೊತ್ತೇ ಆಗಲ್ಲ.”

ಮರುದಿನ ಹಿಡಿಕೆ ವಿಭಾಗಕ್ಕೆ ಕಾಲಿಟ್ಟ ಆಮೇಲೆ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. ಮೆರುಗೆಣ್ಣೆ ಒಣಗಲೆಂದು ಸಾಲು ಸಾಲಾಗಿ ಸರಳಿಗೆ ತೂಗುಹಾಕಿದ್ದ ಕೊಡೆ ಹಿಡಿಕೆಗಳು. ಮೇಲೆ ಬಾಗಿದ ಕೊಕ್ಕೆ, ಕೆಳಗೆ ನೆಟ್ಟನೆಯ ಕಾಂಡ. ಗೋಡೆಯಿಂದ ಗೋಡೆಯವರೆಗೆ ಪ್ರಶ್ನಾರ್ಥಕ ಚಿಹ್ನೆಗಳ ದೊಡ್ಡ ಸೈನ್ಯವೇ ಆಕೆಯ ಅಪ್ಪಣೆಗಾಗಿ ಕಾದು ನಿಂತಂತಿತ್ತು!

ಒಣಗಿದ ಒಂದನ್ನು ಕಿತ್ತುಕೊಂಡು ಆಕೆ ನೇರ ಯಜಮಾನರ ಕೋಣೆಗೆ ನಡೆದರು. ಅಳಿಯನೂ ಅಲ್ಲೇ ಇದ್ದ. ಹಿಡಿಕೆಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಬುಡಕ್ಕೆ ಚುಕ್ಕೆಯ ಹಾಗೆ ಅಂಗಿಯ ಒಂದು ಗುಂಡನೆಯ ಕರಿ ಬಟನ್ ಇಟ್ಟರು.

“ಏನಮ್ಮಾ ಇದು?”

“ನಿನ್ನೆ ಬಿಟ್ಟುಹೋಗಿತ್ತು ಸಾರ್. ಆಮೇಲೆ ಅಂದ ಮೇಲೆ ಇದನ್ನ ಹಾಕ್ಬೇಕಿತ್ತು. ತಡ ಮಾಡೋಣ ಅಂದಿದ್ದಲ್ಲ ನಾನು. ಗುಂಡಿ ಒತ್ತಿದ ಮೇಲೆ ಏನಾಗತ್ತೆ ಅಂತ ಕೇಳಿದ್ದು.”

ಯಜಮಾನರು ಪ್ರಶ್ನಾರ್ಥಕವನ್ನು ದಿಟ್ಟಿಸಿದರು, ಆಮೇಲೆ ಅಳಿಯನನ್ನು. “ಹೇಳಿ ಅಳಿಯಂದಿರೇ. ಏನಾಗತ್ತೆ?”

“ಎಲ್ಲಾ ಮೋಡದಲ್ಲಿರತ್ತೆ ಮಾವ. ಕಾವಲು ಕೂಡ ಅವರದೇ.”

“ಬಾಡಿಗೆ ಮನೆಗೆ ಗೋಡೆ ಅವರದು, ಬಾಗಿಲ ಚಿಲಕ ಹಾಕೋರು ನಾವು,” ಎಂದರು ಆಕೆ. “ಬೀಗದ ಕೈ, ಅಂದ್ರೆ ಪಾಸ್‌ವರ್ಡು, ಯಾರ ಹತ್ರ ಇರತ್ತೆ?”

“ಎಲ್ಲರಿಗೂ ಒಂದೊಂದು ಕೊಟ್ರಾಯ್ತು...” ಎಂದು ಶುರುಮಾಡಿದ ಅಳಿಯ ನಡುವೆಯೇ ನಿಲ್ಲಿಸಿದ. ಕೇಳಿಸಿಕೊಂಡಾಗ ಅದು ಅವನಿಗೇ ಹಿಡಿಸಲಿಲ್ಲ.

“ಒಂದು ಮಧ್ಯಾಹ್ನ ಕೊಡಿ ಸಾರ್. ಹಳೇ ಪೆಟ್ಟಿಗೆಗಳ ಸ್ವಿಚ್ಚು ಒಂದೊಂದಾಗಿ ಆರಿಸ್ತೀನಿ. ಯಾರು ಎಲ್ಲಿಂದ ಕಿರುಚ್ತಾರೆ ನೋಡೋಣ. ಯಾವ ಪೆಟ್ಟಿಗೆಗೆ ಯಾರು ಜೋತುಬಿದ್ದಿದಾರೆ ಅಂತ ಗೊತ್ತಾಗ್ಲಿ. ನಮಗೆ ಗೊತ್ತಿಲ್ದೆ ಇರೋ ಒಂದು ಕಿರುಚಾಟಾನಾದ್ರೂ ಕೇಳದೆ ಹೋದ್ರೆ ನನ್ನ ಕುರ್ಚಿ ಇವರದೇ. ನಾನು ಹಿಡಿಕೆ ಹತ್ರಾನೇ ಇರ್ತೀನಿ, ಅದೂ ಚೆನ್ನಾಗಿದೆ.”

“ಆಯ್ತು,” ಎಂದ ಅಳಿಯ ಉತ್ಸಾಹದಿಂದ. “ನ್ಯಾಯ ಅಂದ್ರೆ ನ್ಯಾಯ.”

ಯುದ್ಧ ಊಟವಾದ ಮೇಲೆ ಶುರುವಾಯಿತು. ಮೊದಲ ಪೆಟ್ಟಿಗೆ ಆರಿತು, ಲೆಕ್ಕದವರು ಕಿರುಚಿದರು. ಎರಡನೆಯದು ಆರಿತು, ಮಾರಾಟದವರು ಕಿರುಚಿದರು. ಎರಡೂ ಎಲ್ಲರಿಗೂ ಗೊತ್ತಿದ್ದ ಕಿರುಚಾಟಗಳೇ. ಕಿರುಚಿಸಿ, ನೋಡಿಕೊಂಡು, ಮತ್ತೆ ಹೊತ್ತಿಸಿದರು. ಉಳಿದದ್ದು ಮೆಟ್ಟಿಲ ಕೆಳಗಿನ ಬೂದು ಪೆಟ್ಟಿಗೆಯೊಂದೇ. ಅದರ ಕುಲಗೋತ್ರ ಯಾರಿಗೂ ತಿಳಿದಿರಲಿಲ್ಲ. ತಲೆಯ ಮೇಲೆ ಪ್ಲಾಸ್ಟಿಕ್ ಹೂದಾನಿ ಹೊತ್ತುಕೊಂಡು ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿತ್ತು. ಅದನ್ನೂ ಆರಿಸಿದರು.

ನಿಶ್ಶಬ್ದ. ಹೊಲಿಗೆ ಯಂತ್ರಗಳ ಸದ್ದು ಬಿಟ್ಟರೆ ಏನೂ ಇಲ್ಲ. ಅಳಿಯ ಗೋಡೆಗೆ ಒರಗಿ ನಿಂತು ಮುಗುಳ್ನಕ್ಕ. ಯಜಮಾನರು ಆಕಳಿಸಿದರು. ಆಮೇಲೆ ಮೇಡಂ ಮೆಟ್ಟಿಲ ಮೇಲೆ ಕೂತು, ಹಿಡಿಕೆಯನ್ನು ಮಡಿಲಲ್ಲಿ ಆಡಿಸುತ್ತಿದ್ದರು. ಕುರ್ಚಿ ಹೋದರೆ ಹೋಗಲಿ, ಈ ಪೆಟ್ಟಿಗೆ ಸುಮ್ಮನೆ ಗುಂಯ್‌ಗುಡುವ ಜಾತಿಯದಲ್ಲ ಎಂದು ಮನಸ್ಸು ಹೇಳುತ್ತಿತ್ತು.

“ನೋಡಿದ್ರಾ ಮೇಡಂ? ಯಾರೂ ಕೆಮ್ಮಲೂ ಇಲ್ಲ. ಇದು ಬರೀ ಹೂದಾನಿ ಸ್ಟ್ಯಾಂಡು.”

ಆಕೆ ಹಿಡಿಕೆಯನ್ನು ಎತ್ತಿ ತೋರಿಸಿದರು. ಆಮೇಲೆ?

ಆಗ ಉಗ್ರಾಣದ ಕಡೆಯಿಂದ ಬಂತು ನೋಡಿ, ಸಿಂಹನಾದ! ಹಿಂದೆಯೇ ಉಗ್ರಾಣದ ಮೇಸ್ತ್ರಿ, ಎರಡೂ ಕೈಗಳಿಗೆ ಸ್ಟಿಕ್ಕರ್ ಅಂಟಿಸಿಕೊಂಡು.

“ಯಾರ್ರೀ ಅದು ಕೈ ಹಾಕಿದ್ದು? ಅಡ್ರೆಸ್ ಸ್ಟಿಕ್ಕರ್ ಎಲ್ಲಾ ಖಾಲಿ ಬರ್ತಿದೆ! ಯಾವ ಅಂಗಡಿಗೆ ಹೋಗ್ತೀಯಪ್ಪಾ ಅಂತ ಕೊಡೆಗಳನ್ನೇ ಕೇಳ್ಲಾ?”

ಸತ್ಯ ಬಯಲಾಯಿತು. ಯಾವ ರಟ್ಟಿನ ಪೆಟ್ಟಿಗೆ ಯಾವ ಅಂಗಡಿಗೆ ಎಂಬ ವಿಳಾಸವನ್ನೆಲ್ಲ ಆ ಬೂದು ಮಹಾಶಯನೇ ಮೌನವಾಗಿ ಹೊತ್ತಿದ್ದ. ಶುಕ್ರವಾರ ಗುಂಡಿ ಒತ್ತಿ, ಸೋಮವಾರ ಅವನನ್ನು ಗುಜರಿಗೆ ಕಳಿಸಿದ್ದರೆ, ಮಳೆ ಸುರಿಯುವಾಗ ಊರಿನ ಕೊಡೆಗಳೆಲ್ಲ ಉಗ್ರಾಣದಲ್ಲಿ ಒಣಗಿ ಕೂತಿರುತ್ತಿದ್ದವು. ಆಮೇಲೆ ಮೇಡಂ ಸ್ವಿಚ್ ಒತ್ತಿದರು. ಪೆಟ್ಟಿಗೆ ಮತ್ತೆ ಗುಂಯ್ ಎಂದಿತು. ಮೇಸ್ತ್ರಿ ಗೊಣಗುತ್ತ ಹೋದ.

ಅಳಿಯ ಹೂದಾನಿಯನ್ನು ಮೆಲ್ಲಗೆ ಕೆಳಗಿಳಿಸಿದ. “ಮೇಡಂ, ಎಲ್ಲಿಂದ ಶುರು ಮಾಡೋಣ?” ಎಂದ. ಆ ಒಂದು ಪ್ರಶ್ನೆಗೆ ಆಕೆ ಅವನ ಹಳೆಯ ಪಾಪಗಳನ್ನೆಲ್ಲ ಮನ್ನಿಸಿಬಿಟ್ಟರು.

ಮೋಡ ಹತ್ತುವುದು ನಿಲ್ಲಲಿಲ್ಲ. ಒಂದೊಂದೇ ಕೆಲಸ ಹತ್ತಿತು. ಹತ್ತಿದ ಪ್ರತಿಯೊಂದನ್ನೂ ಒಮ್ಮೆ ಬೇಕೆಂದೇ ಕೆಳಗಿಳಿಸಿ, ಇಳಿಯಲು ಬರುತ್ತದೆಯೇ ಎಂದು ನೋಡಿ, ಮತ್ತೆ ಹತ್ತಿಸಿದರು. ಯಾರೂ ಕೊಳ್ಳದ ಹಳೆಯ ಮಾದರಿಗಳ ಚಿತ್ರ, ಎಂದೋ ಮುಚ್ಚಿದ ಅಂಗಡಿಗಳ ಪತ್ರ, ಇಂಥ ಕಸಕ್ಕೆ ಮೋಡದಲ್ಲಿ ಜಾಗವಿಲ್ಲವೆಂದು ಕೆಳಗೇ ಬಿಟ್ಟರು. ಬೀಗದ ಕೈಗಳನ್ನು ಅವರವರ ಕೆಲಸಕ್ಕೆ ತಕ್ಕಷ್ಟೇ ಹಂಚಿದರು. ಲೆಕ್ಕದವರಿಗೆ ಕಂಪ್ಯೂಟರಿನ ಹೊಸ ಪರದೆಗಳ ಬಳಕೆ ಕಲಿಸಿದ್ದು ಅಳಿಯನೇ. ಈ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಆಮೇಲೆ ಮೇಡಂ ಎಲ್ಲರೆದುರೂ ಹೇಳಿದರು. ಬಾಡಿಗೆಯ ಕಂಪ್ಯೂಟರು ಸುಮ್ಮನೆ ಉರಿಯುತ್ತಿದ್ದರೂ ಬಾಡಿಗೆ ಓಡುತ್ತದೆಂದು ತಿಳಿದ ಮೇಲಂತೂ, ಅವನು ಪ್ರತಿ ಸಂಜೆ ಬೇಡದ್ದನ್ನೆಲ್ಲ ಆರಿಸುವ ಚಟಕ್ಕೆ ಬಿದ್ದ.

ಮಳೆ ಬಂತು. ಮೋಡದಿಂದ ವಿಳಾಸ ಇಳಿಯಿತು, ಉಗ್ರಾಣದಿಂದ ಲಾರಿಗಳು ಹೊರಟವು, ಮೇಸ್ತ್ರಿ ಕಿರುಚಲಿಲ್ಲ. ಬೂದು ಪೆಟ್ಟಿಗೆಯನ್ನು ಖಾಲಿ ಮಾಡಿ, ಒರೆಸಿ, ಗುಜರಿ ಗಾಡಿಗೆ ಏರಿಸಿದವರು ಸ್ವತಃ ಆಮೇಲೆ ಮೇಡಂ. ರಾಕ್ಷಸನ ಹೆಣ ತೆಗೆಯುವ ಕೆಲಸವನ್ನು ಅಜ್ಜಿಗೆ ಬಿಡುವ ವಯಸ್ಸು ದಾಟಿತ್ತು.

ಆಕೆಯ ಕುರ್ಚಿ ಆಕೆಗೇ ಉಳಿಯಿತು; ಪಕ್ಕದಲ್ಲಿ ಅಳಿಯ ಒಂದು ಸ್ಟೂಲು ಹಾಕಿಕೊಂಡ. ನೋಡಲೆಂದು ಆಕೆಯಿಂದ ಇಸಿದುಕೊಂಡ ಹಿಡಿಕೆಯನ್ನು ಮಾತ್ರ ಯಜಮಾನರು ವಾಪಸ್ ಕೊಡಲಿಲ್ಲ.

ಮಳೆಗಾಲ ಮುಗಿಯುತ್ತಲೇ ಟೈ ಕಟ್ಟಿದ ಮಾರಾಟಗಾರನೊಬ್ಬ ಇನ್ನೂ ಹೊಸದೊಂದು ಅದ್ಭುತವನ್ನು ಹೊತ್ತು ಬಂದ. “ಸಾರ್, ಇದನ್ನ ಹಾಕಿಸ್ಕೊಂಡ್ರೆ ಕಂಪನಿ ತಾನೇ ತಾನಾಗಿ ನಡೆಯತ್ತೆ!”

ಯಜಮಾನರು ಮೇಜಿನ ಖಾನೆ ಎಳೆದು, ಬಾಗಿದ ಮರದ ಹಿಡಿಕೆಯನ್ನು ಮೇಲೆತ್ತಿದರು. ಮಾರಾಟಗಾರ ಚೀಲ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

“ಹೆದರ್ಬೇಡಿ, ಕೂತ್ಕೊಳ್ಳಿ,” ಎಂದರು ಆಮೇಲೆ ಮೇಡಂ. “ಹೊಡೆಯಲ್ಲ. ಪ್ರಶ್ನೆ ಕೇಳ್ತಿದಾರೆ.”