ಬಾವುಟವಿಲ್ಲದ ಹಡಗಿನಲ್ಲಿ ಕಳೆದ ಉಡದಾರ

"ಮಾವನ ಮನಿಗಿ ಬರೇ ನಡಾ ತಗೊಂಡು ಹ್ಯಾಂಗ ಹೋಗ್ಲಿರೀ ವಕೀಲಸಾಬ್ರ?"

ಹೋದ ವಾರ ಬೆಳಗಿನ ನಡಿಗೆ ಮುಗಿಸಿ ಬಂದರೆ ಕಮಲಾಪುರದ ಗುರಪ್ಪ ಕಲಬುರಗಿಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದ. (ಕಕ್ಷಿದಾರರು ಎಂಟಕ್ಕೆ ಬರಬೇಕೆಂಬ ನನ್ನ ರೂಲು ಊರಿಗೆಲ್ಲ ಗೊತ್ತು. ಗುರಪ್ಪನಿಗೂ ಗೊತ್ತು.) ಎಂಟರವರೆಗೆ ಕೂಡಿಸಿದೆ. ಆಮೇಲೆ ಕೇಳಿದೆ.

ಸಂಗತಿ ಇಷ್ಟು. ಗುರಪ್ಪ ಮತ್ತು ಅವನ ಓಣಿಯವನೇ ಆದ ಮಲ್ಲೇಶಿ ಮುಂಬಯಿಗೆ ಕೂಲಿಗೆ ಹೋದವರು, ಖರ್ಜೂರ ತರುವ ಹಾಯಿಹಡಗು ಹತ್ತಿ ಬಸ್ರಾ ಕಂಡು ಬಂದರು. ನಡುಸಮುದ್ರದಲ್ಲಿ ಗುರಪ್ಪ ವಾಂತಿಯಾಗಿ ಮಲಗಿದ್ದಾಗ ಮಲ್ಲೇಶಿ ಅವನ ಸೊಂಟದ ಬೆಳ್ಳಿ ಉಡದಾರ ಬಿಚ್ಚಿಕೊಂಡ. ಮದುವೆಯಲ್ಲಿ ಮಾವ ಕೊಟ್ಟದ್ದು. ಈಗ ಮಗುವಿನ ತೊಟ್ಟಿಲು ಕಾರ್ಯಕ್ಕೆ ಅದೇ ಮಾವನ ಮನೆಗೆ ಹೋಗಬೇಕು. ಮಾವನೋ, ಅಳಿಯನ ಮುಖಕ್ಕಿಂತ ಮೊದಲು ಸೊಂಟ ನೋಡುವವನು.

ನಾನೂ ಗುರಪ್ಪನೂ ಪೊಲೀಸ್ ಕೋತವಾಲಿಗೆ ಹೋದೆವು. ಠಾಣೆಯ ಅಮೀನ್ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. "ಹಡಗಿನ ಮ್ಯಾಲ ಯಾವ ಸರ್ಕಾರದ ಝಂಡಾ ಇತ್ತು?"

"ಝಂಡಾ ಎಲ್ಲೀದ್ರಿ ಸಾಹೇಬ್ರ. ಹಡಗಿನ ಮಾಲಕಂದು ಲುಂಗಿ ಒಣಗಾಕ ಹಾಕಿದ್ರು. ಇದು ಯಾವ ಸರ್ಕಾರದ್ದೂ ಅಲ್ಲ ಅಂತ ಅವನೇ ಹೇಳ್ತಿದ್ದ."

ಅಲ್ಲಿಗೆ ಕೇಸು ಮುಳುಗಿತು. ನಡುಸಮುದ್ರ ಯಾರ ರಾಜ್ಯವೂ ಅಲ್ಲ. ಅಲ್ಲಿ ಹಡಗು ಯಾವ ಬಾವುಟದ್ದೋ ಆ ರಾಜ್ಯದ ಕಾನೂನು. ಬಾವುಟವೇ ಇಲ್ಲದ್ದು ಬೀಡಾಡಿ ದನವಿದ್ದಂತೆ. ಯಾರು ಬೇಕಾದರೂ ತಡೆದು ಕೊಂಡವಾಡಕ್ಕೆ ಹೊಡೆಯಬಹುದು. ಆದರೆ ಅದರ ಬೆನ್ನ ಮೇಲೆ ಕೂತವರ ಜಗಳಕ್ಕೆ ತೀರ್ಪು ಕೊಡುವ ಹಕ್ಕು ಯಾರದು? ಕಾನೂನು ಪಂಡಿತರಲ್ಲೇ ಒಮ್ಮತವಿಲ್ಲ.

"ಇಬ್ರೂ ನಿಜಾಮ್ ಸರ್ಕಾರದ ಪ್ರಜೆಗಳಲ್ಲೇನ್ರಿ?" ಎಂದೆ.

"ಹೌದು ವಕೀಲಸಾಬ್. ಆದ್ರ ಸರಹದ್ದಿನ ಹೊರಗಿನ ಗುನ್ಹೆಕ್ಕ ಹೈದರಾಬಾದಿನ ಮಂಜೂರಿ ಬೇಕು. ಅದು ಬರೂದ್ರಾಗ ಇವನ ಕೂಸಿಗಿ ಗಡ್ಡ ಬರ್ತದ."

ಮರುದಿನ ಮೋಟಾರು ಹತ್ತಿ ಕಮಲಾಪುರಕ್ಕೆ ಹೋದೆವು. ಅಮೀನರ ಮಾತು ನಮಗಿಂತ ಮೊದಲೇ ಊರು ಮುಟ್ಟಿತ್ತು. ಬೇವಿನ ಕಟ್ಟೆಯ ಮೇಲೆ, ಊರ ಗೌಡರ ಎದುರಿಗೇ, ಮಲ್ಲೇಶಿ ಕೆಂಪು ಬಾಳೆಹಣ್ಣು ತಿನ್ನುತ್ತಾ ಕೂತಿದ್ದ. ಉಡದಾರವನ್ನು ಅಂಗಿಯ ಮೇಲೆಯೇ ಕಟ್ಟಿದ್ದ. (ಒಳಗೆ ಕಟ್ಟಿದರೆ ಊರಿಗೆ ಕಾಣುವುದು ಹೇಗೆ?)

"ಹೌದ್ರಿ, ನಾನೇ ಕದ್ದೀನಿ. ಗುರಪ್ಪಂದೇ ಅದ. ದರಿಯಾದಾಗ ಆದದ್ದಕ್ಕ ಯಾವ ಸರ್ಕಾರ ಏನ್ ಮಾಡ್ತದ?"

ಕಟ್ಟೆಯೆಲ್ಲ ಕೇಳಿಸಿಕೊಂಡಿತು. ನನಗೆ ಬೇಕಾದದ್ದೂ ಅಷ್ಟೇ.

"ಮಲ್ಲೇಶಿ, ಕದ್ದದ್ದು ದರಿಯಾದಾಗ, ಖರೆ. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಕೊಂಡು ಕುಂತದ್ದು ಎಲ್ಲಿ? ಕಮಲಾಪುರದಾಗ. ಅದು ಬ್ಯಾರೆ ಗುನ್ಹೆ. ಅದಕ್ಕ ಹೈದರಾಬಾದಿನ ಮಂಜೂರಿ ಬೇಕಿಲ್ಲ. ಅಮೀನ್ ಸಾಹೇಬ್ರು ಸಾಕು."

ಬಾಳೆಹಣ್ಣು ಅರ್ಧಕ್ಕೇ ನಿಂತಿತು.

ಗೌಡರು ಮೀಸೆಯಲ್ಲೇ ನಕ್ಕರು. "ಉಡದಾರ ನೀನೇ ಬಿಚ್ಚತೀಯೋ, ಇಲ್ಲಾ ಅಮೀನ್ರು ಬಂದು ಧೋತರ ಸಮೇತ ಬಿಚ್ಚಬೇಕೋ?"

ಬಿಚ್ಚಿಕೊಟ್ಟ. ಗುರಪ್ಪ ಅದನ್ನು ಅಂಗಿಯ ಮೇಲೆಯೇ ಬಿಗಿದುಕೊಂಡು, ಬಂದ ಮೋಟಾರಿನಲ್ಲೇ ಮಾವನ ಊರಿಗೆ ಹೊರಟ.

ಸಮುದ್ರಕ್ಕೆ ದೊರೆ ಇಲ್ಲದಿರಬಹುದು. ಆದರೆ ಸಮುದ್ರದಲ್ಲೇ ಸಂಸಾರ ಹೂಡುವ ಕಳ್ಳ ಯಾರಿದ್ದಾನೆ?