ಸ್ವಇಚ್ಛೆಯಿಂದ ಬಿಟ್ಟುಕೊಡುವುದು

ಜೂನ್ ಹನ್ನೆರಡು, ಬುಧವಾರ. ಆಕರ: ಶ್ರೀರಂಗಪಟ್ಟಣದ ನನ್ನ ಮೇಜಿನ ಮೇಲಿರುವ, ರಟ್ಟು ಕಳಚಿದ ಇಂಗ್ಲಿಷ್ ನಿಘಂಟು. ಅದರ ಪ್ರಕಾರ ‘ರಿಲಿಂಕ್ವಿಷ್’ ಎಂದರೆ ತನ್ನ ವಶದಲ್ಲಿರುವುದನ್ನು ತಾನಾಗಿಯೇ ಬಿಟ್ಟುಕೊಡುವುದು. ನಿದರ್ಶನಕ್ಕೆ ಸಿಂಹಾಸನ ತೊರೆದ ಅರಸನೊಬ್ಬನಿದ್ದಾನೆ. ನಾನು ನಶ್ಯವನ್ನು ಮೂರು ಬಾರಿ ರಿಲಿಂಕ್ವಿಷ್ ಮಾಡಿದ್ದೇನೆ. ಮೂರಕ್ಕೂ ತಾರೀಖು ಬರೆದಿಟ್ಟಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿ ನಿವೃತ್ತನಾದವನಿಗೆ ತಾರೀಖಿಲ್ಲದೆ ಸೀನುವುದೂ ಕಷ್ಟ.

ಆದರೆ ಓದುಗ ಮಹಾಶಯರೇ, ನಾಗಮಂಗಲದಿಂದ ಕೆ.ಆರ್. ಪೇಟೆಯವರೆಗೆ ಈ ಕ್ರಿಯಾಪದವನ್ನು ಹೆಚ್ಚಾಗಿ ಅನುಭವಿಸುವವರು ಅರಸರಲ್ಲ, ಅಕ್ಕತಂಗಿಯರು. ಪಾಲಿನ ಕಾಲಕ್ಕೆ ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಸೀರೆ ಕುಂಕುಮ ಕೊಟ್ಟು, ಹೋಳಿಗೆ ಊಟ ಹಾಕಿ ಬಸ್ಸು ಹತ್ತಿಸುವುದು ರೂಢಿ. ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಸಾಲಿಲ್ಲದ ಪತ್ರವನ್ನು ನಾನು ಕಂಡಿಲ್ಲ. ಒತ್ತಾಯವಿಲ್ಲದೆಡೆ ಅದರ ಪ್ರಸ್ತಾಪವೇಕೆ ಎಂದು ಶಂಕಿಸುವ ಬುದ್ಧಿ ನನಗೆ ಕಲ್ಲುಗಳೆದುರು ಮಾತ್ರ ಇತ್ತು. ನನ್ನ ತಂಗಿ ತಾಯಮ್ಮನ ಪತ್ರದ ಕರಡನ್ನು, ಆ ಪದದ ಗಾಂಭೀರ್ಯಕ್ಕೆ ಮನಸೋತು, ಇಂಗ್ಲಿಷಿನಲ್ಲಿ ರಚಿಸಿದವನು ನಾನೇ.

ವಿಧವೆಯಾದ ಮೇಲೆ ತಾಯಮ್ಮ ಪಾಂಡವಪುರದ ತವರಿಗೆ ಮರಳಿ, ಕೊಟ್ಟಿಗೆಯ ಪಕ್ಕದ ಎರಡು ಕೋಣೆಗಳಲ್ಲಿದ್ದಾಳೆ. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾಳೆ. ಆ ಕೋಣೆಗಳನ್ನು ಕೆಡವಿ ಮಳಿಗೆ ಕಟ್ಟಿಸುತ್ತೇನೆಂದು ನಮ್ಮ ತಮ್ಮ ಪುಟ್ಟರಾಜು ಹೊರಟಿದ್ದಾನೆ. ಮೊನ್ನೆ ಭಾನುವಾರ ನನ್ನನ್ನು ಅಲ್ಲಿಗೆ ಕರೆಸಿದ್ದರು.

“ನಗ್‌ನಗ್ತಾ ಬಿಟ್ಕೊಟ್ಟೆ ಕಣಮ್ಮಿ. ಈಗ ಬ್ಯಾರೆ ರಾಗ ತೆಗಿತೀಯಾ?” ಎಂದ ಪುಟ್ಟರಾಜು.

“ನಗ್ತಿದ್ನಾ? ನೀನ್ ಯಾವಾಗ್ ನೋಡ್ದೆ? ಟೈಪಿನೋನ್ ತಾವ ಬೀಡಿ ಸೇದ್ತಾ ನಿಂತಿದ್ದೆ,” ಎಂದಳು ತಾಯಮ್ಮ.

“ಅಣ್ಣ ನೋಡವ್ನಲ್ಲ! ಊರೂರ್ ಕಲ್ಲು ಓದೋನು ಸುಳ್ಳೇಳ್ತಾನಾ? ಅವ್ನು ಏನಂದ್ರೂ ನಂಗೊಪ್ಗೆ.”

ಅವಳು ನನ್ನತ್ತ ತಿರುಗಿದಳು. “ಯೋಳಣ್ಣ. ನಂಗೆ ಎಕ್ರೆ ಬ್ಯಾಡ, ಆ ಎರಡು ಕ್ವಾಣೆ ಉಳ್ಸು. ಈ ವಯಸ್ನಲ್ಲಿ ಅಸ ಇಡ್ಕೊಂಡು ಎಲ್ಲೋಗ್ಲಿ?”

ನನ್ನ ಕಣ್ಣಮುಂದೆ ಚಿತ್ರ ನಿಚ್ಚಳವಾಗಿತ್ತು: ಹಸಿರು ಸೀರೆ, ಕಾಸಗಲ ಕುಂಕುಮ, ಎಲೆಯ ಮುಂದೆ ಕುಳಿತು ನಗುತ್ತಿರುವ ತಾಯಮ್ಮ. ‘ಹೌದು, ನಕ್ಕಿದ್ದಳು’ ಎಂಬ ಮಾತು ತುಟಿಯವರೆಗೆ ಬಂತು. ತಡೆದದ್ದು ಸೌಜನ್ಯವಲ್ಲ, ಚಾಳಿ. ತಾಳೆ ನೋಡಿ ಮುಂದಿನ ಭಾನುವಾರ ಹೇಳುತ್ತೇನೆಂದೆ.

“ತಂಗಿ ನಕ್ಕಿದ್ಕೂ ದಾಖ್ಲೆ ಬೇಕೇನಣ್ಣ!” ಎಂದು ತಮ್ಮ ಗಹಗಹಿಸಿದ.

ಸೋಮವಾರ ಪತ್ರದ ದೃಢೀಕೃತ ಪ್ರತಿ ಪಡೆದೆ. ಅದರಲ್ಲಿ ತಾಯಮ್ಮನನ್ನು ‘ದಿವಂಗತ ನಂಜೇಗೌಡರ ಪತ್ನಿ’ ಎಂದು ಕಾಣಿಸಲಾಗಿತ್ತು. ಕುಂಕುಮವಿಟ್ಟವಳ ಗಂಡ ದಿವಂಗತನಾಗುವುದೆಂತು? ಟೈಪಿನವನ ಪ್ರಮಾದವೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ. ಆದರೂ ಸಮಾಧಾನವಾಗದೆ ನಿನ್ನೆ ಕೆ.ಆರ್. ಪೇಟೆಗೆ ಹೋಗಿ, ಹೊಸಹೊಳಲಿನವನಾಗಿದ್ದ ನಂಜೇಗೌಡನ ಮರಣ ನೋಂದಣಿಯ ಪ್ರತಿಯನ್ನು ತಂದೆ. ಓದಿ, ತಾಯಮ್ಮನಿಗೆ ಫೋನು ಮಾಡಿದೆ.

“ತಿಥಿನೂ ಆಗಿರ್ನಿಲ್ಲ ಕಣಣ್ಣ,” ಎಂದಳು. “ಗಂಡನ್ ಕಡೆಯೋರು ಪಾಲು ಕೇಳ್ಬುಟ್ಟಾರು ಅಂತ ಪುಟ್ಟರಾಜು ಅವಸ್ರ ಮಾಡ್ದ. ಸೂತ್ಕ ಕಳೀಲಿ ಅಂದೆ. ‘ಸೈನಿಗ್ಯಾವ ಸೂತ್ಕ’ ಅಂದೋನು ನೀನು.”

ಆ ಮಾತು ನನ್ನ ನೆನಪಿನಲ್ಲಿ ಎಲ್ಲಿಯೂ ಇಲ್ಲ. ಆ ಹಸಿರು ಸೀರೆಯನ್ನು ಯಾವ ಮನೆಯ ಯಾವ ಹೆಣ್ಣುಮಗಳಿಂದ ತಂದು ಇವಳಿಗೆ ಉಡಿಸಿದೆನೋ ತಿಳಿಯದು. ಪುಟ್ಟರಾಜು ಒಪ್ಪುತ್ತೇನೆಂದ ಸಾಕ್ಷ್ಯವನ್ನು ಭಾನುವಾರ ಪಾಂಡವಪುರದಲ್ಲಿ ಅವನೆದುರೇ ಓದುತ್ತೇನೆ. ಬರೆದುಕೊಂಡಿರುವುದು ಇಷ್ಟು: ಸೀರೆ, ಕುಂಕುಮ, ನಗು, ಈ ಮೂರಕ್ಕೂ ಆಧಾರವಿಲ್ಲ. ನೋಂದಣಿಯ ಪ್ರಕಾರ, ತಾಯಮ್ಮ ಸಹಿ ಮಾಡುವಾಗ ಅವಳ ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು.