ಚಂದ್ರಕ್ಕ ತಂಗಿಯನ್ನು ಕ್ಷಮಿಸಿದ್ದು

ನಮ್ಮ ಅತ್ತೆ ಚಂದ್ರಕ್ಕನ ಬಾಯಿ ಎಂಥದ್ದೆಂದು ಭೀಮಸಮುದ್ರದಲ್ಲಿ ಯಾರನ್ನು ಬೇಕಾದರೂ ಕೇಳಿ. ಅವರು ಬೈಯಲು ನಿಂತರೆ ಬಸ್ಸಿನವನು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಆ ಮನೆಗೆ ಸೊಸೆಯಾಗಿ ಬಂದ ನಾನು ಕಿವಿ ಉಳಿಸಿಕೊಂಡಿರುವುದೇ ದೊಡ್ಡದು.

ಇಷ್ಟು ಬಾಯಿ ಇದ್ದೂ ಒಬ್ಬರ ಜೊತೆ ಮಾತ್ರ ಮಾತಿಲ್ಲ. ಪಕ್ಕದ ಮನೆಯ ಮುದ್ದಕ್ಕ, ಅತ್ತೆಯ ಸ್ವಂತ ತಂಗಿ. ಅಕ್ಕತಂಗಿಯರಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಒಮ್ಮೆ ಮುದ್ದಕ್ಕನ ಕೋಳಿ ಬಂದು ಅತ್ತೆ ಒಣಹಾಕಿದ್ದ ಸಂಡಿಗೆ ತಿಂದಿತು. ಇವರು ಪೊರಕೆ ಎತ್ತಿದರು, ಅವಳು ಮೊರ ಎತ್ತಿದಳು. ಅಂಗಳದ ನಡುವೆ ಗೋಡೆ ಎದ್ದಿತು. ಕೋಳಿ ಯಾವತ್ತೋ ಸಾರಾಯಿತು, ಸಿಟ್ಟು ಮಾತ್ರ ಉಳಿಯಿತು. ಅತ್ತೆಗೆ ಬಿ.ಪಿ. ಏರಿತು, ನಿದ್ದೆ ಹೋಯಿತು. ತಂಗಿ ಒಂದು ಮಾತಾಡಿದರೆ ಸಾಕು ಎಂಬ ಆಸೆ ಮುಖದಲ್ಲೇ ಕಾಣುತ್ತಿತ್ತು. ಆದರೆ ಆ ಬಾಯಿಂದ ಅದೊಂದು ಬರಬೇಕಲ್ಲ!

ಅಡಿಕೆ ಸುಲಿಯಲು ಜೊತೆಗೆ ಕೂರುತ್ತಿದ್ದ ಸ್ವಾತಿ ಎಂಬಾಕೆ ಒಂದು ಭಾನುವಾರ ಅತ್ತೆಯನ್ನು ಹೊಳಲ್ಕೆರೆಯ ಕ್ರೈಸ್ತರ ಪ್ರಾರ್ಥನಾ ಸಭೆಗೆ ಕರೆದುಕೊಂಡು ಹೋದಳು. ತಗಡಿನ ಮಾಡು, ಒಂದು ಕೀಬೋರ್ಡು, ಬಸವೇಶ್ ಎಂಬ ಪಾಸ್ಟರು. "ಭಾರ ಎಲ್ಲಾ ಯೇಸಪ್ಪನ ಪಾದಕ್ಕೆ ಒಪ್ಪಿಸಿಬಿಡ್ರಿ, ಸಮಾಧಾನ ಸಿಗ್ತೈತೆ" ಎಂದರಂತೆ. ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಮತ್ತೆ ಮತ್ತೆ ಹೋದರು. ಕೊನೆಗೆ ಯೇಸುವಿನ ನಂಬಿಕೆಯವರೇ ಆಗಿ, ಇನ್ನು ಯಾರನ್ನೂ ಬೈಯುವುದಿಲ್ಲವೆಂದು ಸಾರಿದರು. ನಾವೆಲ್ಲ ಬದುಕಿದೆವು ಅಂದುಕೊಂಡೆವು.

ಎಲ್ಲಿಯ ಬದುಕು! ಮಾರನೆಯ ಬೆಳಿಗ್ಗೆ ಅತ್ತೆ ಗೋಡೆಗೆ ಮುಖ ಮಾಡಿ ಮಂಡಿಯೂರಿದರು.

"ಯೇಸಪ್ಪಾ, ನನ್ನ ತಂಗಿ ಮುದ್ದಿ ಹೊಟ್ಟೆಕಿಚ್ಚಿನೋಳು, ಕ್ಷಮಿಸಪ್ಪಾ. ಅವಳ ಸಾರಿಗೆ ಉಪ್ಪಿರಲ್ಲ, ನಾಲಿಗೆಗೆ ಮೂಳೆ ಇರಲ್ಲ, ಕ್ಷಮಿಸಪ್ಪಾ. ಮೊರದಾಗೆ ನನ್ನ ತಲೆಗೆ ಹೊಡೆದೋಳು, ಅವಳ ಕೈ ಮುರೀಬೇಡಪ್ಪಾ!"

ಬೀದಿಯವರು ಹಲ್ಲುಜ್ಜುತ್ತ ಬಂದು ನಿಂತರು. ಗೋಡೆಯಾಚೆ ಮುದ್ದಕ್ಕ ಟಿ.ವಿ. ಜೋರು ಮಾಡಿದಳು. ದಿನಾ ಇದೇ ಪಾಡು. ಬೈಗುಳಕ್ಕಾದರೂ ಒಂದು ಕೊನೆ ಇತ್ತು, ಈ ಕ್ಷಮೆಗೆ ಕೊನೆಯೇ ಇರಲಿಲ್ಲ.

ತಡೆಯಲಾರದೆ ನಾನೇ ಪಾಸ್ಟರನ್ನು ಕರೆಸಿದೆ. ಅವರು ಎಲ್ಲ ಕೇಳಿ ನಗು ನುಂಗಿಕೊಂಡರು.

"ಚಂದ್ರಕ್ಕಾ, ತಂಗೀದೆಲ್ಲ ಒಪ್ಪಿಸಿದ್ರಿ. ನಿಮ್ಮದೇನೈತೆ?"

"ನಂದೇನೈತ್ರಿ? ಬರೀ ಬಿ.ಪಿ."

"ಅದರ ಕೆಳಗೇನೈತೆ ನೋಡ್ರಿ" ಎಂದು ಚಹಾ ಕುಡಿದು ಹೊರಟುಹೋದರು.

ಆ ದಿನವೆಲ್ಲ ಅತ್ತೆ ಬಾಯಿ ಬಿಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೆಳಗಾದ ಮೇಲೆ ಮಂಡಿಯೂರಿ "ಯೇಸಪ್ಪಾ, ನನ್ನ ತಂಗಿ..." ಎಂದವರು ಅಲ್ಲಿಗೇ ಮಾತು ತಿರುಗಿಸಿದರು.

"ಮೊದಲು ಪೊರಕೆ ಎತ್ತಿದ್ದು ನಾನೇ ಕಣಪ್ಪಾ. ಆ ಸಂಡಿಗೇನೂ ಚೆನ್ನಾಗಿರಲಿಲ್ಲ, ಕೋಳಿಗೇ ಲಾಯಕ್ಕು. ಗೋಡೆ ಹಾಕ್ಸಿದ್ದೂ ನಾನೇ. ಇನ್ನು ನನ್ನ ಕೈಲಿ ಹೊರಾಕಾಗಲ್ಲ, ಎಲ್ಲಾನೂ ನೀನೇ ತಗಾ."

ಮದುವೆಯಾಗಿ ಬಂದಾಗಿನಿಂದ ಆ ಮುಖ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ.

ಗೋಡೆಯಾಚೆ ಟಿ.ವಿ. ನಿಂತಿತು.

"ಒಂದು ಬಿಟ್ಟೆಯಲ್ಲೇ" ಎಂದಿತು ಮುದ್ದಕ್ಕನ ದನಿ. "ನಾನು ದುರ್ಗದಾಗೆ ಆಪರೇಷನ್ ಆಗಿ ಮಲಗಿದ್ದಾಗ ನೋಡಾಕೆ ಬರಲಿಲ್ಲ. ಅದನ್ನೂ ಹೇಳು ನಿನ್ನ ಯೇಸಪ್ಪಂಗೆ."

"ಬಂದಿದ್ದೆ ಕಣೇ. ಆಸ್ಪತ್ರೆ ಗೇಟಿನ ತನಕ ಬಂದಿದ್ದೆ. ಏನಂತ ಮಾತಾಡ್ಸೋದು ಅಂತ ತಿಳೀಲಿಲ್ಲ. ನಿಂಗೆ ತಂದಿದ್ದ ಬಾಳೆಹಣ್ಣ ಬಸ್ಸಿನಾಗೆ ಅಳ್ತಾ ಅಳ್ತಾ ನಾನೇ ತಿಂದೆ."

ಗೋಡೆಯಾಚೆಯಿಂದ ಗೊಳೋ ಎಂಬ ಅಳು, ಅಳುವಿನ ನಡುವೆ ನಗು.

"ಅಯ್ಯೋ ನಿನ್ನ ಮನೆ ಕಾಯೋಗ! ಒಳಗೆ ಬರಬಾರದಾಗಿತ್ತಾ? ಬಾಗಿಲನ್ನೇ ನೋಡ್ತಾ ಮಲಗಿದ್ದೆನಲ್ಲೇ!"

ಮುದ್ದಕ್ಕ ಬೀದಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಅತ್ತೆಗೆ ಮಂಡಿ ಹಿಡಿದು ಏಳಲಾಗಿರಲಿಲ್ಲ. ತಂಗಿ ರಟ್ಟೆ ಹಿಡಿದು ಎಬ್ಬಿಸಿದಳು. ಆ ಗದ್ದಲದಲ್ಲಿ ಅತ್ತೆ ಪ್ರಾರ್ಥನೆ ಮುಗಿಸುವುದನ್ನೇ ಮರೆತರು. ನಾನು ಸಭೆಗೆ ಹೋದವಳಲ್ಲ. ಆದರೂ ಒಲೆಯ ಮುಂದೆ ನಿಂತು, ಕಣ್ಣೊರೆಸಿಕೊಳ್ಳುತ್ತ, ನಾನೇ "ಆಮೆನ್" ಅಂದೆ.